ಎಪ್ಪತ್ತೆರಡು ಕೆಜಿಯ ರೋಗಿ

ನವೆಂಬರ್ 3, 2025, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಬೊಂಬೆಯ ಡಬ್ಬ ಬಂತು. ಆಸ್ಪತ್ರೆಯವರೆಲ್ಲ ಪೋರ್ಟಿಕೋದಲ್ಲಿ ಸೇರಿದ್ದರು. ನಾನು ರೆಕಾರ್ಡ್ ರೂಮಿನ ಕಿಟಕಿಯಿಂದಲೇ ನೋಡಿದೆ. ನಿಫಾದಂಥ ಅಂಟುರೋಗ ಗಡಿ ದಾಟಿ ಪಿರಿಯಾಪಟ್ಟಣಕ್ಕೆ ಬಂದರೆ, ಪ್ರಾಣ ಹೋಗುವ ಸ್ಥಿತಿಯಲ್ಲಿರುವ ರೋಗಿಯನ್ನು ಬೇರೆ ಯಾರಿಗೂ ಅಂಟಿಸದೆ ಮೈಸೂರಿಗೆ ಸಾಗಿಸುವುದು ಹೇಗೆಂದು ಕಲಿಸಲು ಡಾ. ರಮ್ಯ ಎಂಬವರು ಬಂದಿದ್ದಾರೆ. ಒಂದು ತಿಂಗಳ ತರಬೇತಿ, ಕೊನೆಗೆ ಆಸ್ಪತ್ರೆಗೆ ಸರ್ಟಿಫಿಕೇಟ್. ಅಭ್ಯಾಸಕ್ಕೆ ಎಪ್ಪತ್ತೆರಡು ಕೆಜಿಯ ರಬ್ಬರ್ ಬೊಂಬೆ ಬರಬೇಕಿತ್ತು.

ಡಬ್ಬ ಬಿಚ್ಚಿದರೆ ಹೆರಿಗೆ ಕಲಿಸುವ ಬೊಂಬೆ. ತಲೆ ಇಲ್ಲ, ಕಾಲಿಲ್ಲ, ನಡು ಮಾತ್ರ. ಎತ್ತಿದ ಕೂಡಲೇ ಅದರಿಂದ ಒಂದು ರಬ್ಬರ್ ಕೂಸು ಜಾರಿ ಆಂಬುಲೆನ್ಸ್ ಡ್ರೈವರ್ ನಂಜಣ್ಣನ ಕಾಲ ಮೇಲೆ ಬಿತ್ತು.

"ಸುಖಪ್ರಸವ ಕಣ್ರೀ" ಎಂದ ನಂಜಣ್ಣ.

ಬೊಂಬೆ ವಾಪಸು ಹೋಗಿ ಬೇರೆಯದು ಬರಲು ನಲವತ್ತು ದಿನವಂತೆ. ಡಾ. ರಮ್ಯ ಅದೇ ತೂಕದ ಮನುಷ್ಯನನ್ನು ಹುಡುಕಲು ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಕ ಹಾಕಿಸಿದರು. ನಂಜಣ್ಣ ತೊಂಬತ್ತನಾಲ್ಕು. ಸ್ಟಾಫ್ ನರ್ಸ್ ಅನುಶ್ರೀ ನಲವತ್ತೊಂಬತ್ತು. ನಾನು ಬರುವುದಿಲ್ಲ ಎಂದರೂ ಕರೆದರು. ಎಪ್ಪತ್ತೊಂದೂವರೆ. ಜೇಬಿನ ಬೀಗದ ಕೈ ಗೊಂಚಲೂ ಸೇರಿ ಸರಿಯಾಗಿ ಎಪ್ಪತ್ತೆರಡು.

ನಾನು ರೆಕಾರ್ಡ್ಸ್ ಗುಮಾಸ್ತ, ಹದಿನೆಂಟು ವರ್ಷದಲ್ಲಿ ವಾರ್ಡಿನ ಬಾಗಿಲು ದಾಟಿದವನಲ್ಲ, ವಾರ್ಡಿನಿಂದ ಬಂದ ಫೈಲನ್ನು ಮೂರು ದಿನ ಬಿಸಿಲಿಗಿಡದೆ ಮುಟ್ಟುವುದಿಲ್ಲ, ನನಗೆ ಸೋಂಕಿನ ವಿಷಯದಲ್ಲಿ ಶಿಸ್ತಿದೆ ಎಂದು ಹೇಳಿದೆ.

"ರೋಗ ಇರೋದು ನಿಮಗೇ ಅಲ್ವಾ ನೀಲಕಂಠಸ್ವಾಮಿ ಸರ್" ಎಂದರು ಡಾ. ರಮ್ಯ. "ನಿಮಗೆ ಇನ್ಯಾರಿಂದ ಬರುತ್ತೆ?"

ರೋಗಿಯ ಜಾಗಕ್ಕೆ ನನ್ನ ಹೆಸರು ಬರೆದುಕೊಂಡರು.

ಸಂಜೆ ನಾಲ್ಕೂವರೆಗೆ ಕೌಂಟರ್ ಮುಚ್ಚುವಾಗ 20871 ನಂಬರಿನವರ ಕಡೆಯವರು ಬಂದರು. ನಾಳೆ ಬನ್ನಿ ಎಂದೆ. ದೂರದಿಂದ ಬಂದಿದ್ದೇವೆ ಎಂದರು. ಎಲ್ಲರೂ ದೂರದಿಂದಲೇ ಬರುತ್ತಾರೆ.

ನವೆಂಬರ್ 5, ಬುಧವಾರ

ಇಂದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ತೀರಿಕೊಂಡೆ.

ರೋಗಿಯನ್ನು ಮಲಗಿಸುವುದು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಗೂಡಿನಲ್ಲಿ. ಅದಕ್ಕೆ ಪಾಡ್ ಎಂದು ಹೆಸರು. "ನಮ್ಮ ಪಾಡು" ಎಂದ ನಂಜಣ್ಣ. ಸುತ್ತ ಜಿಪ್ಪು, ಮೈಮೇಲೆ ಮೂರು ಬೆಲ್ಟು, ಕಾಲ ಬಳಿ ಬ್ಯಾಟರಿಯ ಪುಟ್ಟ ಫ್ಯಾನು. ಹೊಸ ಗಾಳಿಯನ್ನು ಒಳಗೆ ಎಳೆದು, ಒಳಗಿನ ಗಾಳಿಯನ್ನು ಶೋಧಿಸಿ ಹೊರಗೆ ಬಿಡುವುದು ಅದೇ. ನಾನು ಮಾತಾಡಬಾರದು, ಅಲುಗಬಾರದು, ಕಣ್ಣು ತೆರೆಯಬಾರದು, ಏಕೆಂದರೆ ನನಗೆ ಪ್ರಜ್ಞೆ ಇಲ್ಲ. ನನ್ನ ಸ್ಥಿತಿ ಎದೆಯ ಮೇಲಿನ ಒಂದು ಕಾರ್ಡಿನಲ್ಲಿ ಬರೆದಿರುತ್ತದೆ. ಡಾ. ರಮ್ಯ ಆಗಾಗ ಕಾರ್ಡ್ ಬದಲಿಸುತ್ತಾರೆ. ಅದನ್ನು ನೋಡಿ ತಂಡದವರು ಓಡಾಡಬೇಕು.

ಎರಡನೇ ಮಹಡಿಯಿಂದ ಇಳಿಸುವಾಗ ಪಾಡು ಲಿಫ್ಟಿಗಿಂತ ನಾಲ್ಕು ಬೆರಳು ಉದ್ದ ಎಂದು ಗೊತ್ತಾಯಿತು. ಓರೆ ಮಾಡಿದರು. ನಿಲ್ಲಿಸಿದರು. ಒಮ್ಮೆ ತಲೆಕೆಳಗೂ ಆದೆ. ಬಾಗಿಲು ಮುಚ್ಚಲು ಬಂದು ನನ್ನ ಕಾಲನ್ನು ಮುಟ್ಟಿ ಮತ್ತೆ ತೆರೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅನುಶ್ರೀಯೂ ನಂಜಣ್ಣನೂ ನಿನ್ನೆಯ ಕ್ಯಾಂಟೀನ್ ಬಿಸಿಬೇಳೆಬಾತು ಹುಳಿಯಾಗಿತ್ತೇ ಇಲ್ಲವೇ ಎಂದು ಚರ್ಚಿಸಿದರು. ನಡುವೆ ನಂಜಣ್ಣ "ಇದ್ನ ಸ್ವಲ್ಪ ನಿಮ್ ಕಡೆ ಎಳ್ಕಳಿ" ಎಂದ. ಇದು ಎಂದರೆ ನಾನು. ದಾಖಲೆಯ ದೃಷ್ಟಿಯಿಂದ ತಪ್ಪು. ನಂಬರ್ ಹೇಳಬೇಕಿತ್ತು.

ಅಷ್ಟರಲ್ಲಿ ಕಾರ್ಡಿನ ಮೇಲೆ ಆಕ್ಸಿಜನ್ ಮುಗಿಯಿತು.

ಸತ್ತ ಮೇಲೆ ಎದ್ದು ಬಂದು ನನ್ನ ಮರಣ ವರದಿಯನ್ನು ನಾನೇ ಬರೆಯಬೇಕಾಯಿತು, ಅದು ರೆಕಾರ್ಡ್ಸ್ ವಿಭಾಗದ ಕೆಲಸ. ಕಾರಣ ಎಂಬಲ್ಲಿ "ಲಿಫ್ಟ್" ಎಂದು ಬರೆದೆ. ಡಾ. ರಮ್ಯ ಹೊಡೆದುಹಾಕಿ, "ಲಿಫ್ಟ್ ಅನ್ನೋದು ಕಾಯಿಲೆ ಅಲ್ಲ ಸರ್" ಎಂದರು.

ನವೆಂಬರ್ 6, ಗುರುವಾರ

ಎಡ ಭುಜದ ಕೆಳಗೆ ಬೆಲ್ಟಿನ ಬಕಲ್ಲು ಒತ್ತಿ ಕಪ್ಪಾಗಿದೆ. ಹೆಂಡತಿ ಆಶಾರಾಣಿ ಬಿಸಿ ಉಪ್ಪಿನ ಶಾಖ ಕೊಟ್ಟಳು. "ಇದ್ಕೆ ಬಡ್ತಿ ಕೊಡ್ತಾರಾ?" ಎಂದು ಕೇಳಿದಳು.

ನವೆಂಬರ್ 10, ಸೋಮವಾರ

ಕಾರ್ತಿಕ ಸೋಮವಾರದ ಉಪವಾಸದಲ್ಲಿ ಸತ್ತೆ. ಸಮಯ ಹತ್ತು ಐವತ್ತು.

ಲಿಫ್ಟ್ ಬಿಟ್ಟು ಹಿಂದಿನ ಇಳಿಜಾರಿನಲ್ಲಿ ತಂದರು. ಇವತ್ತು ಎಲ್ಲರೂ ಪಿಪಿಇ ಕಿಟ್ಟಿನಲ್ಲಿದ್ದರು. ಮುಖ ಕಾಣದ್ದರಿಂದ ಎದೆಯ ಮೇಲೆ ಹೆಸರು ಬರೆದುಕೊಳ್ಳಬೇಕು. ಅನುಶ್ರೀ ಹೆಸರು ಬರೆದು ತೆಗೆದಿಟ್ಟಿದ್ದ ಕಿಟ್ಟನ್ನು ವಾರ್ಡಿನ ಆಯಾ ಕೆಂಪಾಜಮ್ಮ ಹಾಕಿಕೊಂಡುಬಿಟ್ಟಿದ್ದಳು, ಆಕೆಗೆ ಓದಲು ಬರುವುದಿಲ್ಲ. ಅನುಶ್ರೀ ಇನ್ನೊಂದರ ಮೇಲೆ ತನ್ನ ಹೆಸರು ಬರೆದುಕೊಂಡಳು. ಹೀಗಾಗಿ ಇಬ್ಬರು ಅನುಶ್ರೀಯರು. ನಂಜಣ್ಣ ಕೇಳಿದ್ದಕ್ಕೆಲ್ಲ ಕೆಂಪಾಜಮ್ಮ ಅಪ್ಪಣೆ ಕೊಟ್ಟಳು. "ತಿರುಗ್ಸು. ನಿಲ್ಲು. ಅಲ್ಲಿ ನೀರೈತೆ, ಈ ಕಡೆ ಬಾ." ಇಳಿಜಾರಿನ ಬುಡದವರೆಗೆ ಒಂದು ತಪ್ಪೂ ಆಗಲಿಲ್ಲ. ಅಲ್ಲಿ ಸಿಲಿಂಡರ್ ಬದಲಿಸಬೇಕಾದಾಗ ಸ್ಪ್ಯಾನರು ನಂಜಣ್ಣನ ಇನ್ನೊಂದು ಪ್ಯಾಂಟಿನಲ್ಲಿ, ಆ ಪ್ಯಾಂಟು ಬೆಟ್ಟದಪುರದ ಅವನ ಮನೆಯಲ್ಲಿ ಎಂದು ತಿಳಿಯಿತು.

ಒಂದು ಆಕ್ಷೇಪಣೆಯನ್ನು ಡಾ. ರಮ್ಯರ ಗಮನಕ್ಕೆ ತಂದೆ. ದಾರಿಯುದ್ದಕ್ಕೂ ಕೆಂಪಾಜಮ್ಮ ಪ್ಲಾಸ್ಟಿಕ್ಕಿಗೆ ಬಾಯಿಟ್ಟು ನನ್ನ ಜೊತೆ ಮಾತಾಡುತ್ತಿದ್ದಳು. "ಅಣ್ಣ, ಈಗ ಇಳಿಜಾರು ಬತ್ತದೆ, ತಲೆ ಭಾರ ಅನ್ನುಸ್ತದೆ, ಎದ್ರುಕಬ್ಯಾಡ." ಪ್ರಜ್ಞೆ ಇಲ್ಲದ ರೋಗಿಯೊಡನೆ ಸಂಭಾಷಣೆ ನಿಯಮಬಾಹಿರವಲ್ಲವೇ ಎಂದು ಕೇಳಿದೆ.

"ಪ್ರಜ್ಞೆ ಇಲ್ಲದವರಿಗೂ ಎಷ್ಟೋ ಸಲ ಕೇಳಿಸ್ತಿರುತ್ತೆ ಸರ್. ಅವಳು ಮಾಡಿದ್ದೇ ಸರಿ. ಮಿಕ್ಕವರಿಗೆ ನಾನು ಹೇಳಿಕೊಡೋದು ಮರೆತಿದ್ದೆ."

ಇದನ್ನು ಎಲ್ಲಿ ದಾಖಲಿಸಬೇಕೋ ತಿಳಿಯಲಿಲ್ಲ. ಇಲ್ಲಿ ಬರೆದಿದ್ದೇನೆ.

ನವೆಂಬರ್ 13, ಗುರುವಾರ

ರಸ್ತೆ ಅಭ್ಯಾಸ. ಆಸ್ಪತ್ರೆಯಿಂದ ಹುಣಸೂರಿಗೆ ಹೋಗಿ ಬರುವುದು.

ಕಂಪಲಾಪುರದ ಬಳಿ ಹೊಗೆಸೊಪ್ಪಿನ ಹರಾಜಿಗೆ ಬಂದ ಟ್ರ್ಯಾಕ್ಟರುಗಳು ಸಾಲು ನಿಂತಿದ್ದವು. ನಂಜಣ್ಣ ಸೈರನ್ ಒತ್ತಿದ. ಕಳೆದ ವಾರವಷ್ಟೇ ರಿಪೇರಿಯಾದ ಸೈರನ್ನು ಒಂದು ಸಲ ಕೂಗಿ, ಗಾಡಿ ಹಿಂದಕ್ಕೆ ಹೋಗುವಾಗ ಬರುವ ಟಿಂಗ್ ಟಿಂಗ್ ಶಬ್ದಕ್ಕೆ ಇಳಿಯಿತು. ಹಿಂದಿದ್ದವರೆಲ್ಲ ನಾವು ಹಿಂದೆ ಬರುತ್ತೇವೆಂದು ತಿಳಿದು ದಾರಿ ಬಿಟ್ಟರು. ಮುಂದಿದ್ದವರು ಅಲುಗಲಿಲ್ಲ. ಇಪ್ಪತ್ತೈದು ನಿಮಿಷ ನಿಂತೆವು.

ಯಾರೋ ಇಬ್ಬರು ಆಂಬುಲೆನ್ಸಿನ ಮೆಟ್ಟಿಲು ಹತ್ತಿ ಗಾಜಿನಿಂದ ಇಣುಕಿದಂತಾಯಿತು. ಕಿಟಕಿಯ ಸಂದಿಯಿಂದ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಲೇ, ಆಸ್ಪತ್ರೆ ರೆಕಾರ್ಡ್ ಸ್ವಾಮಿ ಕಣ್ಲಾ ಇದು."

"ಊಂ ಕಣ. ಉಸ್ರು ಇದ್ದಂಗಿಲ್ವಲ್ಲ."

"ಓದ ಬುಡು. ಒಳ್ಳೆ ಮನುಷ್ಯ ಏನಲ್ಲ. ಆದ್ರೂ ಪಾಪ."

ನಿಯಮದಂತೆ ನಾನು ಕಣ್ಣು ತೆರೆಯಲಿಲ್ಲ. ಆ ಮಾತಾಡಿದವನು ಯಾರೆಂದು ತಿಳಿಯಲು ಇದ್ದ ಒಂದೇ ಅವಕಾಶ ಹೋಯಿತು. ಧ್ವನಿ ಪರಿಚಯದ್ದಲ್ಲ. ಅವನ ಯಾವ ಕಾಗದವನ್ನು ನಾನು ಯಾವಾಗ ತಡಮಾಡಿದೆನೋ.

ಈ ಸಲ ಸಾಯಲಿಲ್ಲ. ಡಾ. ರಮ್ಯ ಕಾರ್ಡ್ ಬದಲಿಸುವುದನ್ನು ಮರೆತು ಟ್ರ್ಯಾಕ್ಟರಿನವರ ಜೊತೆ ಜಗಳಕ್ಕೆ ಇಳಿದಿದ್ದರು.

ನವೆಂಬರ್ 14, ಶುಕ್ರವಾರ

ನಾನು ಸತ್ತ ಸುದ್ದಿ ನನಗಿಂತ ಮೊದಲೇ ಊರೂರು ಸುತ್ತಿ ಬಂದಿದೆ. ಬೆಳಿಗ್ಗೆ ಆರರಿಂದ ಆಶಾರಾಣಿಗೆ ಫೋನು. ಇಲ್ಲ ಇದ್ದಾರೆ, ಹಲ್ಲುಜ್ಜುತ್ತಿದ್ದಾರೆ ಎಂದರೆ ಆ ಕಡೆಯವರು, ಪಾಪ ಆಘಾತದಿಂದ ಹೀಗೆಲ್ಲ ಮಾತಾಡುತ್ತಿದ್ದಾಳೆ ಎಂದು ಇನ್ನೂ ಜೋರಾಗಿ ಅತ್ತರಂತೆ.

ಹನ್ನೊಂದಕ್ಕೆ ಸಾಲಿಗ್ರಾಮದಿಂದ ದೊಡ್ಡಪ್ಪನ ಮಗ ಗುರುಮಲ್ಲಪ್ಪ ಎರಡು ಕಾರು ಜನರೊಂದಿಗೆ ಬಂದಿಳಿದ. ಹೆಗಲ ಮೇಲೆ ಟವೆಲು, ಕೈಯಲ್ಲಿ ನನ್ನೆತ್ತರದ ಹಾರ. ಫೋನುಗಳ ಕಾಟಕ್ಕೆ ರಜೆ ಹಾಕಿದ್ದ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಅವನು ನನ್ನನ್ನು ನೋಡಿದ. ಮುಖದಲ್ಲಿ ಸಂತೋಷ ಬರಲು ಸ್ವಲ್ಪ ತಡವಾಯಿತು.

"ಅಲ್ಲ ಕಣಯ್ಯ, ಒಂದು ಮಾತು ಏಳಬಾರ್ದಾ? ಬೆಳಿಗ್ಗೆ ಎದ್ದೋನೆ ನಮ್ ತ್ವಾಟದ ಮೂಲೇಲಿ ಗುಂಡಿ ತೆಗೆಸ್ಬುಟ್ಟಿದೀನಿ. ಮೆಟ್ಲು, ಗೂಡು ಎಲ್ಲ ಆಗದೆ. ಅಯ್ಯನೋರೂ ಬಂದು ಕುಂತವ್ರೆ. ಈಗ ಅದ್ಕೇನ್ ಮಾಡ್ಲಿ?"

"ತೆಂಗಿನ ಸಸಿ ಇಡು" ಎಂದೆ.

"ತೆಂಗಿಗೆ ಅಷ್ಟು ಆಳ ಬ್ಯಾಡ ಕಣಯ್ಯ" ಎಂದ ಬೇಸರದಿಂದ.

ಬಂದವರನ್ನು ಬರಿಗೈಲಿ ಕಳಿಸಲಾಗದೆ ಆಶಾರಾಣಿ ಹನ್ನೆರಡು ಜನಕ್ಕೆ ಅಡುಗೆ ಮಾಡಿದಳು. ಊಟದ ನಡುವೆ ಒಬ್ಬರು ಮರೆತು ನನ್ನ ಒಳ್ಳೆಯ ಗುಣಗಳನ್ನು ನೆನೆಯಲು ಶುರು ಮಾಡಿದರು. ಎರಡಕ್ಕೆ ನಿಂತಿತು. ಸಮಯಪಾಲನೆ, ಮತ್ತು ಅಕ್ಷರ ದುಂಡಗಿದೆ ಎಂಬುದು. ಎಲ್ಲರೂ ಮೂರನೆಯದಕ್ಕೆ ಕಾಯುತ್ತ ಸಾರು ಕಲಸಿಕೊಂಡರು.

ನವೆಂಬರ್ 17, ಸೋಮವಾರ

ವಿಶೇಷವೇನಿಲ್ಲ. ಕೌಂಟರಿನ ಗಡಿಯಾರ ಹತ್ತು ನಿಮಿಷ ಮುಂದಿದೆಯೆಂದು ಕಾಣುತ್ತದೆ. ಅದು ನಾಲ್ಕೂವರೆ ತೋರಿಸಿದರೂ ಕೌಂಟರ್ ಮುಚ್ಚಲಿಲ್ಲ. ಪಂಚವಳ್ಳಿಯ ಸುಂದ್ರಮ್ಮ ಎಂಬವರಿಗೆ ಗಂಡನ ಸ್ಕ್ಯಾನ್ ರಿಪೋರ್ಟು ಹುಡುಕಿ ಕೊಟ್ಟೆ. ಫೈಲು ಇನ್ನೂ ಬಿಸಿಲು ಕಂಡಿರಲಿಲ್ಲ, ಮೋಡ ಇತ್ತು. ಬಿಸಿಲಿಲ್ಲದ ದಿನಕ್ಕೆ ಬೇರೆ ವ್ಯವಸ್ಥೆ ಯೋಚಿಸಬೇಕು.

ನವೆಂಬರ್ 19, ಬುಧವಾರ

ಸರ್ಟಿಫಿಕೇಟ್ ಕೊಡುವ ಸಮಿತಿಯಿಂದ ಒಬ್ಬ ವೀಕ್ಷಕರು ಬಂದಿದ್ದರು. ಹೀಗಾಗಿ ಸೂಪರಿಂಟೆಂಡೆಂಟ್ ಸಾಹೇಬರು ಸಮಾರಂಭ ಇಟ್ಟುಕೊಂಡರು. ಆಂಬುಲೆನ್ಸಿನ ಹಿಂಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ನು ಕಟ್ಟಿ, ವೀಕ್ಷಕರು ಕತ್ತರಿಸಿದ ಮೇಲೆ ರೋಗಿಯನ್ನು ಒಳಗೆ ಹಾಕುವುದು ಎಂದು ತೀರ್ಮಾನ.

ವಾರ್ಡಿನಿಂದ ರಿಬ್ಬನ್ನಿನವರೆಗೆ ಒಂಬತ್ತು ನಿಮಿಷದಲ್ಲಿ ತಂದರು, ಇದುವರೆಗಿನ ದಾಖಲೆ. ಅಲ್ಲಿ ಕತ್ತರಿ ಇರಲಿಲ್ಲ. ಆಪರೇಶನ್ ಥಿಯೇಟರಿನಿಂದ ತರಲು ಯಾರೋ ಹೋದರು. ಆ ಕತ್ತರಿಯನ್ನು ಹೊರಗೆ ತರಬಾರದು ಎಂದು ಅಲ್ಲಿಯವರು ಕೊಡಲಿಲ್ಲ. ಫೋಟೋ ತೆಗೆಯುವವನು ಫ್ಯಾನಿನ ಗಾಳಿಗೆ ಪ್ಲಾಸ್ಟಿಕ್ಕು ಅದುರಿ ಚಿತ್ರ ಚೆನ್ನಾಗಿ ಬರುವುದಿಲ್ಲ ಎಂದ. ಫ್ಯಾನು ಆರಿಸಿದರು.

ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಮೊದಲು ಬೆವರು ಬಂತು. ಆಮೇಲೆ ಒಳಗಿನ ಪ್ಲಾಸ್ಟಿಕ್ಕು ಮಂಜಾಗಿ ಆಚೆಯವರ ಮುಖಗಳು ಅಳಿಸಿದವು. ನಾನು ನಿಯಮ ಮುರಿದು ಕಣ್ಣು ತೆರೆದೆ, ಕೈ ಬಿಡಿಸಿಕೊಂಡು ಪ್ಲಾಸ್ಟಿಕ್ಕನ್ನು ಬಡಿದೆ. ವೀಕ್ಷಕರು "ತುಂಬಾ ಸಹಜವಾಗಿ ಮಾಡ್ತಿದ್ದಾರೆ" ಎಂದರು. ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಹಳ ದೂರದಿಂದ ಕೇಳಿಸಿತು.

ಜಿಪ್ಪು ಎಳೆದವಳು ಕೆಂಪಾಜಮ್ಮ. "ನಾಟ್ಕ ಅಲ್ಲ ಕಣ್ರಪ್ಪೋ, ತುಟಿ ನೋಡ್ರಿ" ಎಂದಳಂತೆ.

ಎರಡು ಲೋಟ ನೀರು ಕುಡಿದೆ. ಇನ್ನು ಬರೆಯುವುದೇನೂ ಇಲ್ಲ.

ನವೆಂಬರ್ 20, ಗುರುವಾರ

ರಜೆ ಹಾಕಿದೆ. ಇನ್ನು ಆ ಗೂಡಿಗೆ ಹೋಗುವುದಿಲ್ಲ ಎಂದು ಆಶಾರಾಣಿಗೆ ಹೇಳಿದೆ. "ಓಗ್ಬೇಡಿ" ಎಂದಳು, ಅಷ್ಟೆ.

ಮಧ್ಯಾಹ್ನ ಡಾ. ರಮ್ಯ ಮನೆಗೇ ಬಂದರು. ತಪ್ಪಾಯಿತು ಎಂದರು. ವಯಸ್ಸಿನಲ್ಲಿ ನನ್ನ ಅರ್ಧ ಇದ್ದಾರೆ, ಕಣ್ಣು ಕೆಂಪಾಗಿತ್ತು. ಆಮೇಲೆ ಪುಸ್ತಕ ತೆಗೆದು, "ಒಳಗೆ ಹೇಗಿರುತ್ತೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಸರ್. ಬೊಂಬೆ ಹೇಳಲ್ಲ. ನೀವು ಹೇಳ್ತೀರಾ?" ಎಂದರು.

ಹೇಳಿದೆ. ಬಕಲ್ಲು ಎಲ್ಲಿ ಒತ್ತುತ್ತದೆ ಎಂದು ಶುರುವಾದದ್ದು ಎರಡು ಗಂಟೆ ಆಯಿತು. ಫ್ಯಾನಿನ ಸದ್ದು ಐದು ನಿಮಿಷದ ಮೇಲೆ ನೀರಿನ ಸದ್ದಿನಂತೆ ಕೇಳುತ್ತದೆ, ಮುಳುಗುತ್ತಿದ್ದೇನೆ ಅನಿಸುತ್ತದೆ. ಮೇಲೆ ನೋಡುವವರ ಮೂಗಿನ ಹೊಳ್ಳೆ ಮಾತ್ರ ಕಾಣುತ್ತದೆ. ನಿಂತಾಗ ಏಕೆ ನಿಂತರು ಎಂದು ಯಾರೂ ಹೇಳದಿದ್ದರೆ, ಬಿಟ್ಟು ಹೋದರು ಎಂದೇ ತೋರುತ್ತದೆ. ರಸ್ತೆಯಲ್ಲಿ ಹಂಪು ಬರುವ ಮೊದಲು ಹೇಳಿದರೆ ಹಂಪು ಸಣ್ಣದಾಗುತ್ತದೆ. ಇದು ಹೇಗೆಂದು ನನಗೆ ಗೊತ್ತಿಲ್ಲ, ಆದರೆ ಹಾಗೆಯೇ ಆಗುತ್ತದೆ.

ಎಲ್ಲವನ್ನೂ ಬರೆದುಕೊಂಡರು. ಹದಿನೆಂಟು ವರ್ಷ ನಾನು ಬೇರೆಯವರು ಹೇಳಿದ್ದನ್ನು ಬರೆದಿದ್ದೇನೆ.

ನಾಳೆ ಹೋಗುತ್ತೇನೆ. ನಾನಿಲ್ಲದಿದ್ದರೆ ಬೆಲ್ಟನ್ನು ಮತ್ತೆ ಹಳೆಯ ರೀತಿಯಲ್ಲೇ ಕಟ್ಟುತ್ತಾರೆ.

ನವೆಂಬರ್ 26, ಬುಧವಾರ

ಡಾ. ರಮ್ಯರ ಹೊಸ ನಿಯಮ. ತಂಡದ ಪ್ರತಿಯೊಬ್ಬರೂ ಹತ್ತು ನಿಮಿಷ ಪಾಡಿನಲ್ಲಿ ಮಲಗಬೇಕು. ಅನುಶ್ರೀ ಅತ್ತಳು. ನಂಜಣ್ಣ ನಿದ್ದೆ ಹೋದ, ಆದರೆ ಎದ್ದ ಮೇಲೆ ಸ್ಪ್ಯಾನರನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡ. "ತಾಳಿ ಬೇಕಾದ್ರೂ ಬಿಚ್ಬೋದು, ಇದ್ನ ಬಿಚ್ಚಂಗಿಲ್ಲ" ಎಂದು ಕೆಂಪಾಜಮ್ಮ ಹೇಳಿದಳು.

ಸೂಪರಿಂಟೆಂಡೆಂಟ್ ಸಾಹೇಬರೂ ಮಲಗಿದರು. ನಾಲ್ಕನೇ ನಿಮಿಷಕ್ಕೆ ಜಿಪ್ಪು ತೆಗೆಯಲು ಸನ್ನೆ ಮಾಡಿದರು. ಸಹಜವಾಗಿ ಮಾಡುತ್ತಿದ್ದಾರೆ ಎಂದು ನಂಜಣ್ಣ ಚಪ್ಪಾಳೆ ತಟ್ಟಿದ. ನಾನೇ ಹೋಗಿ ತೆಗೆದೆ.

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಎಂಟೂವರೆಗೆ ಹಾರನಹಳ್ಳಿಯಿಂದ ಸೋಮಮ್ಮ ಎಂಬವರನ್ನು ಗಂಡ ಸಿದ್ದಯ್ಯ ಕರೆತಂದರು. ಐವತ್ತರ ಆಸುಪಾಸು. ಆರು ದಿನದ ಜ್ವರ, ನಿನ್ನೆಯಿಂದ ಮಾತು ನಿಂತಿದೆ, ಉಸಿರು ಸಿಗುತ್ತಿಲ್ಲ. ಡ್ಯೂಟಿ ಡಾಕ್ಟರು ನೋಡಿ ಎಲ್ಲರನ್ನೂ ದೂರ ಸರಿಸಿದರು. ಏನೆಂದು ಪರೀಕ್ಷೆಯಾಗುವವರೆಗೆ ಅಂಟುರೋಗವೆಂದೇ ತಿಳಿಯಬೇಕು, ಮೈಸೂರಿಗೆ ಈಗಲೇ ಹೋಗಬೇಕು ಎಂದರು. ಡಾ. ರಮ್ಯ ಮೈಸೂರಿನಲ್ಲಿದ್ದರು. ನಾನಿಲ್ಲಿ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತೇನೆ, ನೀವು ಹೊರಡಿ ಎಂದು ಫೋನಿನಲ್ಲಿ ಹೇಳಿದರು.

ಪಾಡು ತಂದರು. ನಂಜಣ್ಣ ಜಿಪ್ಪು ತೆಗೆದು, ಅಭ್ಯಾಸ ಬಲದಿಂದ ನನ್ನ ಕಡೆ ತಿರುಗಿ "ಮಲಿಕ್ಕಳಿ ಸಾರ್" ಎಂದ.



"ಇವತ್ತು ನಾನಲ್ಲ ಕಣೋ" ಎಂದೆ.

ಕೆಂಪಾಜಮ್ಮ ಮೊಮ್ಮಗುವಿನ ನಾಮಕರಣಕ್ಕೆ ಕೆ.ಆರ್. ನಗರಕ್ಕೆ ಹೋಗಿದ್ದಾಳೆ. ಗಾಡಿಯೊಳಗೆ ಅನುಶ್ರೀ ಜೊತೆ ಇನ್ನೊಬ್ಬರು ಬೇಕು. ಸೋಮಮ್ಮ ಮುಖದ ಆಕ್ಸಿಜನ್ ಮಾಸ್ಕನ್ನು ಮತ್ತೆ ಮತ್ತೆ ಕಿತ್ತುಹಾಕುತ್ತಿದ್ದರು. "ನಿದ್ದೆ ಇಂಜೆಕ್ಷನ್ ಕೊಟ್ಟರೆ ಉಸಿರು ನಿಲ್ಲಬಹುದು. ಎಚ್ಚರವಾಗಿರಬೇಕು, ಮಾಸ್ಕ್ ತೆಗೀಬಾರದು. ಯಾರಾದರೂ ಮಾತಾಡಿಸ್ತಾ ಇರಿ" ಎಂದರು ಡಾಕ್ಟರು. ತರಬೇತಿಯಾದವರು ಯಾರಿದ್ದಾರೆ ಎಂದು ಸುತ್ತ ನೋಡಿದರು. ಎಲ್ಲಕ್ಕಿಂತ ಹೆಚ್ಚು ತರಬೇತಿಯಾದವನು ನಾನೇ. ಐದು ಸಲ ಪಾಡಿನೊಳಗೆ ಹೋಗಿದ್ದೇನೆ. ಕಿಟ್ಟು ಕೊಡಿ ಎಂದೆ. ಅನುಶ್ರೀ ನನ್ನ ಎದೆಯ ಮೇಲೆ ಹೆಸರು ಬರೆದಳು. ಜಾಗ ಸಾಲದೆ "ನೀಲಕಂಠ" ಮಾತ್ರ.

ಬೆಲ್ಟು ಕಟ್ಟುವಾಗ ಎಡ ಭುಜದ ಕೆಳಗೆ ಮಡಿಸಿದ ಟವೆಲಿಟ್ಟೆ.

ಸಿದ್ದಯ್ಯನನ್ನು ಗಾಡಿಗೆ ಹತ್ತಿಸುವಂತಿಲ್ಲ. ಅವರು ಹತ್ತು ಅಡಿ ದೂರದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಚಪ್ಪಲಿ ಏಕೆ ಕೈಯಲ್ಲಿತ್ತೋ.

"ಅವ್ಳಿಗೆ ಕೇಳುಸ್ತದಾ ಸ್ವಾಮಿ?"

"ಕೇಳುತ್ತೆ. ಏನಾದರೂ ಹೇಳಬೇಕಾ?"

ಅವರು ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿದರು. ನಂಜಣ್ಣ ಎಂಜಿನ್ ಶುರು ಮಾಡಿದ್ದ.

"ಎಮ್ಮೆ ಈದದೆ, ಎಣ್ಗರು ಅಂತ ಏಳಿ."

ಗಾಡಿ ಗೇಟು ದಾಟುವಾಗ ಅದನ್ನೇ ಮೊದಲು ಹೇಳಿದೆ. ಪ್ಲಾಸ್ಟಿಕ್ಕಿಗೆ ಬಾಯಿಟ್ಟು, ಮಾಸ್ಕು ಗಾಗಲ್ಲುಗಳ ಒಳಗಿಂದ ಕೂಗಿ ಹೇಳಬೇಕು. "ಸೋಮಮ್ಮ, ಎಮ್ಮೆ ಈದಿದೆಯಂತೆ. ಹೆಣ್ಣುಗರು." ಮಾಸ್ಕಿನ ಮೇಲಿದ್ದ ಅವರ ಕೈ ನಿಂತಿತು. ಕಣ್ಣು ತೆರೆದು ನನ್ನ ಕಡೆ ನೋಡಿದರು. ಅವರಿಗೆ ಕಂಡದ್ದು ಏನೋ, ಬಿಳೀ ಮೂಟೆ.

ಆಮೇಲೆ ನಿಲ್ಲಿಸುವಂತೆಯೇ ಇರಲಿಲ್ಲ. ನಿಲ್ಲಿಸಿದರೆ ಕೈ ಮಾಸ್ಕಿಗೆ ಹೋಗುತ್ತಿತ್ತು. ಈಗ ಹಂಪು ಬರುತ್ತೆ, ಸ್ವಲ್ಪ ಎತ್ತಿ ಹಾಕುತ್ತೆ. ಈಗ ಕಂಪಲಾಪುರ, ಟ್ರ್ಯಾಕ್ಟರುಗಳಿವೆ, ನಿಲ್ಲುತ್ತೇವೆ, ನಿಮ್ಮನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಅಲ್ಲಿ ಎರಡೇ ನಿಮಿಷ ನಿಂತೆವು. ಯಾರೋ ನಾಲ್ಕು ಜನ ಮುಂದೆ ಓಡುತ್ತ ದಾರಿ ಬಿಡಿಸಿದರು. ಅವರ ಧ್ವನಿಗಳಲ್ಲಿ ಒಂದು ಪರಿಚಯದ್ದೆಂದು ತೋರಿತು, ನೋಡಲು ಪುರಸೊತ್ತಿರಲಿಲ್ಲ.

ಹುಣಸೂರು ದಾಟುವಷ್ಟರಲ್ಲಿ ನನ್ನಲ್ಲಿ ಹೇಳುವ ವಿಷಯಗಳು ಮುಗಿದವು. ಇಷ್ಟೇ ಇತ್ತೇ ಎಂದು ಗಾಬರಿಯಾಯಿತು. ರೆಕಾರ್ಡ್ ರೂಮಿನಲ್ಲಿ ಯಾವ ಕಪಾಟಿನಲ್ಲಿ ಯಾವ ವರ್ಷದ ಫೈಲಿದೆ ಎಂದು ಹೇಳಿದೆ. ನಮ್ಮ ಮದುವೆಯಲ್ಲಿ ಮಳೆ ಬಂದು ಚಪ್ಪರ ಬಿದ್ದದ್ದು, ಸಾಲಿಗ್ರಾಮದಲ್ಲಿ ನನಗೆ ತೆಗೆಸಿದ ಗುಂಡಿ, ಅಯ್ಯನವರು ಬಂದು ಕುಳಿತದ್ದು, ಅದರಲ್ಲಿ ಈಗ ಗುರುಮಲ್ಲಪ್ಪ ಗೊಬ್ಬರ ಹಾಕುತ್ತಿರುವುದು, ಎಲ್ಲ ಹೇಳಿದೆ. ಅನುಶ್ರೀ ಮಾನಿಟರಿನಿಂದ ತಲೆಯೆತ್ತಿ ಒಂದು ಸಲ ನೋಡಿದಳು.

ಬಿಳಿಕೆರೆ ಹತ್ತಿರ ಸಿಲಿಂಡರು ಮುಗಿಯುತ್ತ ಬಂತು. ಆಕ್ಸಿಜನ್ ತೊಂಬತ್ತರಿಂದ ಎಂಬತ್ತೊಂದಕ್ಕೆ ಇಳಿಯಿತು. ಇದು ಕಾರ್ಡಲ್ಲ. ನಂಜಣ್ಣ ಗಾಡಿ ನಿಲ್ಲಿಸಿ ಕೊರಳಿನ ಸ್ಪ್ಯಾನರನ್ನು ದಾರ ಕಿತ್ತು ಕೊಟ್ಟ. ಅನುಶ್ರೀ ಬದಲಿಸುವಷ್ಟು ಹೊತ್ತು ಸೋಮಮ್ಮ ಕಣ್ಣು ಮುಚ್ಚಿಕೊಳ್ಳತೊಡಗಿದರು. ನಾನು ಪ್ಲಾಸ್ಟಿಕ್ಕನ್ನು ಬಡಿದೆ. "ಸೋಮಮ್ಮ, ಮಲಗಬೇಡಿ. ಕರುವಿಗೆ ಹೆಸರೇನಿಡ್ತೀರಿ? ಹೇಳಿ. ಗೌರಿ ಅಂತ ಇಡ್ತೀರಾ? ಬೇಡವಾ? ಹೇಳಿ." ಯಾವ ಹೆಸರು ಹೇಳಿದರೂ ತಲೆ ಅಲ್ಲಾಡಿಸಲಿಲ್ಲ. ಮೂವತ್ತು ಹೆಸರು ಹೇಳಿರಬೇಕು, ಕೊನೆಗೆ ಹಾಜರಿ ಪುಸ್ತಕದಲ್ಲಿದ್ದ ಹೆಸರೆಲ್ಲ ಹೇಳಿದೆ. ಸೂಪರಿಂಟೆಂಡೆಂಟ್ ಸಾಹೇಬರ ಹೆಸರಿಗೆ ಹುಬ್ಬು ಗಂಟಿಕ್ಕಿ ಬೇಡ ಎನ್ನುವಂತೆ ಕೈಯಾಡಿಸಿದರು. ಅಷ್ಟರಲ್ಲಿ ಎಂಬತ್ತೆಂಟು ಬಂತು.

ಹೊರಟ ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮೈಸೂರು ತಲುಪಿದೆವು. ಡಾ. ರಮ್ಯ ಬಾಗಿಲಲ್ಲೇ ಇದ್ದರು. ಸೋಮಮ್ಮನನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದ ಮೇಲೂ ನಾನು ಸ್ವಲ್ಪ ಹೊತ್ತು ಮಾತಾಡುತ್ತಿದ್ದೆನಂತೆ. ಅನುಶ್ರೀ ಹೇಳಿದ್ದು.

ಡಿಸೆಂಬರ್ 4, ಗುರುವಾರ

ರಿಪೋರ್ಟು ಬರುವವರೆಗೆ ನಾನು, ಅನುಶ್ರೀ, ನಂಜಣ್ಣ ಮೂವರನ್ನೂ ನಮ್ಮ ಆಸ್ಪತ್ರೆಯ ಮೇಲಿನ ಮಹಡಿಯ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದ್ದಾರೆ. ಆಶಾರಾಣಿ ಕೆಳಗೆ ಅಂಗಳದಲ್ಲಿ ನಿಂತು ಕಿಟಕಿಯತ್ತ ನೋಡಿ, "ಊಟಕ್ಕೆ ಏನ್ ಕೊಟ್ರು?" ಎಂದು ಕೂಗಿದಳು. ಗಂಟಲು ಕಟ್ಟಿದೆ, ಉತ್ತರ ಕೊಡಲಾಗಲಿಲ್ಲ. ಜ್ವರದ ಲಕ್ಷಣವೇ ಎಂದು ಎರಡು ಸಲ ಪರೀಕ್ಷೆ ಮಾಡಿದರು. ಹೆಚ್ಚು ಮಾತಾಡಿದ್ದರಿಂದ ಎಂದು ಗೊತ್ತಾಯಿತು.

ಡಿಸೆಂಬರ್ 5, ಶುಕ್ರವಾರ

ನಿಫಾ ಅಲ್ಲ. ಸ್ಕ್ರಬ್ ಟೈಫಸ್ ಅಂತೆ, ಹುಲ್ಲಿನಲ್ಲಿರುವ ಹುಳ ಕಚ್ಚಿ ಬರುವ ಜ್ವರ. ಸೊಂಟದ ಬಳಿ ಕಪ್ಪು ಕಜ್ಜಿ ಇತ್ತಂತೆ. ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಪಾಡೂ ಬೇಕಿರಲಿಲ್ಲ, ಕಿಟ್ಟೂ ಬೇಕಿರಲಿಲ್ಲ. ಮೈಸೂರು ಮಾತ್ರ ಬೇಕಿತ್ತು.

ಸೋಮಮ್ಮನಿಗೆ ವೆಂಟಿಲೇಟರ್ ಹಾಕಿದ್ದಾರೆ. ನಾಳೆ ಮತ್ತೆ ಫೋನ್ ಮಾಡಿ ಕೇಳಬೇಕು.

ಡಿಸೆಂಬರ್ 8, ಸೋಮವಾರ

ವೆಂಟಿಲೇಟರ್ ತೆಗೆದರಂತೆ. ಗಂಜಿ ಕೇಳಿದರಂತೆ.

ಸರ್ಟಿಫಿಕೇಟ್ ಸಮಿತಿಯಿಂದ ಪತ್ರ. ಮೂರನೇ ತಾರೀಕಿನ ಸಾಗಣೆಯ ವೇಳೆ ವೀಕ್ಷಕರು ಹಾಜರಿರಲಿಲ್ಲವಾದ್ದರಿಂದಲೂ, ರೋಗಿಯು ನಿಗದಿತ ಎಪ್ಪತ್ತೆರಡು ಕೆಜಿಯ ಬದಲು ನಲವತ್ತಾರು ಕೆಜಿ ಇದ್ದುದರಿಂದಲೂ, ಅದನ್ನು ಪರಿಗಣಿಸಲು ಬರುವುದಿಲ್ಲ. ಜನವರಿಯಲ್ಲಿ ಅಭ್ಯಾಸವನ್ನು ಮತ್ತೆ ನಡೆಸಬೇಕು.

ಪತ್ರವನ್ನು ಫೈಲ್ ಮಾಡಿದೆ.

ಡಿಸೆಂಬರ್ 22, ಸೋಮವಾರ

ಮಧ್ಯಾಹ್ನ ಕೌಂಟರಿಗೆ ಒಬ್ಬ ಹೆಂಗಸು ಬಂದು, ಮೈಸೂರಿನಲ್ಲಿ ಕೇಳುತ್ತಿದ್ದಾರೆ, ಇಲ್ಲಿ ಮೊದಲು ನೋಡಿದ ಚೀಟಿಯ ನಕಲು ಬೇಕು ಎಂದರು. ಹೆಸರು ಕೇಳಿದೆ. ಸೋಮಮ್ಮ, ಹಾರನಹಳ್ಳಿ. ತುಂಬಾ ಸೊರಗಿದ್ದಾರೆ, ಕೂದಲು ಕತ್ತರಿಸಿದ್ದಾರೆ. ಗಂಡ ಹೊರಗೆ ಬೈಕಿನ ಹತ್ತಿರವಿದ್ದಾರಂತೆ. ಕುರ್ಚಿ ಕೊಟ್ಟು ಕೂರಿಸಿದೆ. ನಕಲು ತೆಗೆಯುವಾಗ ಕೇಳಿದೆ, ಈಗ ಹೇಗಿದ್ದೀರಿ.

"ಅಂಗೇ ಇದೀನಿ ಸ್ವಾಮಿ. ನಿಮ್ ಆಸ್ಪತ್ರೆ ಮ್ಯಾಲೆ ಒಂದು ಕಂಪ್ಲೇಂಟ್ ಐತೆ. ಯಾರತ್ರ ಏಳ್ಬೇಕು?"

ದೂರು ಪುಸ್ತಕ ನನ್ನ ಬಳಿಯೇ ಇರುವುದು. ತೆಗೆದು, ಹೇಳಿ ಎಂದೆ.

"ಆಂಬುಲೆನ್ಸಲ್ಲಿ ಯಾವನೋ ಒಬ್ಬ. ಇಲ್ಲಿ ಗಾಡಿ ಅತ್ತಿಸ್ದಾಗ್ಲಿಂದ ಮೈಸೂರ್ ಗಂಟ ಬಾಯೇ ಮುಚ್ಚಲಿಲ್ಲ. ಕಂಪಲಾಪುರ ಬಂತು ಅಂತಾನೆ, ಹುಣಸೂರ್ ಬಂತು ಅಂತಾನೆ. ನಾನೇನ್ ಬಸ್ಸಲ್ಲಿ ಕುಂತಿದ್ನಾ? ಯಾರ್ದೋ ಗುಂಡಿ ಅಂತಾನೆ, ಗೊಬ್ರ ಅಂತಾನೆ. ನಂಗೆ ಇನ್ನೇನು ಸಾಕು, ಕಣ್ಣು ಮುಚ್ಕಳುವ ಅನ್ನುಸ್ತಿತ್ತು. ಎಂಗೆ ಏಳ್ಲಿ, ತಣ್ಣಗೆ ಎಲ್ಲೋ ಓಗ್ತಾ ಇದ್ದಂಗಿತ್ತು. ಬುಡ್ಲಿಲ್ಲ ಸ್ವಾಮಿ. ಸಾಯಕ್ಕೂ ಬುಡ್ಲಿಲ್ಲ ಪಾಪಿ."

ಬರೆದುಕೊಂಡೆ. ದುಂಡಗೆ ಬರಲಿಲ್ಲ.

"ಅವರ ಹೆಸರು?"

"ಎದೆ ಮ್ಯಾಲೆ ಏನೋ ಬರ್ದಿತ್ತು. ನಂಗೆ ಓದಕ್ಕೆ ಬರಕಿಲ್ಲ."

ಕೆಳಗೆ ಹೆಬ್ಬೆಟ್ಟು ಒತ್ತಿಸಿ, ಶಾಯಿ ಒರೆಸಲು ಹತ್ತಿ ಕೊಟ್ಟೆ. ಅವರು ನಕಲನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಬಂದರು.

"ಕೆಲ್ಸದಿಂದ ಗಿಲ್ಸದಿಂದ ತೆಗೀಬ್ಯಾಡಿ ಸ್ವಾಮಿ ಅವನ್ನ. ಸುಮ್ಕೆ ಒಂದ್ ಮಾತು ಏಳಿ, ಅಷ್ಟೆಯ."

ಅವರು ಹೋದ ಮೇಲೆ ಪುಸ್ತಕದ ಕೊನೆಯ ಕಾಲಂ ತುಂಬಬೇಕಿತ್ತು, ಕೈಗೊಂಡ ಕ್ರಮ ಎಂಬುದು. ಖಾಲಿ ಬಿಡುವಂತಿಲ್ಲ. ಬರೆದೆ: ಸಂಬಂಧಪಟ್ಟವರಿಗೆ ತಿಳಿಸಲಾಗಿದೆ.